ಅಪ್‌ಡೇಟ್: ಟೊಪೊಗ್ರಾಫ್‌ನಲ್ಲಿ ಕಾಣದಿದ್ದ ಡಿಸ್‌ಲೊಕೇಶನ್‌ಗಳು ಸಿಕ್ಕವು
(111) ಸಿಲಿಕಾನ್ ವೇಫರ್‌ನಲ್ಲಿ (ಮೇಲ್ಮೈ ಹರಳಿನ 111 ಪದರಕ್ಕೆ ಸಮಾನಾಂತರವಾಗಿರುವ ಬಿಲ್ಲೆ) ಎಚ್ ಮಾಡಿದಾಗ, ಅಂದರೆ ರಾಸಾಯನಿಕದಿಂದ ಕೊರೆದಾಗ, ಕಾಣುವ ಕೆಲವು ಡಿಸ್‌ಲೊಕೇಶನ್‌ಗಳು (ಹರಳಿನ ಪರಮಾಣು ಜೋಡಣೆಯಲ್ಲಿನ ಗೆರೆಯಂಥ ದೋಷಗಳು) ಲ್ಯಾಂಗ್ ಎಕ್ಸ್‌ರೇ ಟೊಪೊಗ್ರಾಫ್‌ನಲ್ಲಿ (ಹರಳಿನೊಳಗಿನ ದೋಷಗಳನ್ನು ತೋರಿಸುವ ಎಕ್ಸ್‌ರೇ ಚಿತ್ರ) ಯಾಕೆ ಕಾಣುತ್ತಿಲ್ಲ ಅಂತ ಕೇಳಿದ್ದೆ ಅಲ್ವಾ? ಬಂದ ಸಲಹೆಗಳನ್ನೆಲ್ಲ ಮಾಡಿ ನೋಡಿದೆ. ಎಕ್ಸ್‌ಪೋಶರ್ ಜಾಸ್ತಿ ಮಾಡಿದರೆ ಹಿನ್ನೆಲೆ ಕಪ್ಪಾಯಿತು, ಅಷ್ಟೇ. ಸ್ಲಿಟ್ ಕಿರಿದು ಮಾಡಿದ ಮೇಲೆ ಕೆ-ಆಲ್ಫಾ 2ರಿಂದ (ಎಕ್ಸ್‌ರೇಯಲ್ಲಿ ಬೆರೆತಿರುವ, ಸ್ವಲ್ಪವೇ ಬೇರೆಯಾದ ಇನ್ನೊಂದು ತರಂಗಾಂತರ) ಬರುತ್ತಿದ್ದ ಜೋಡಿ ಚಿತ್ರ ಹೋಯಿತು. ಆ ಸಲಹೆಯೂ ಒಳ್ಳೆಯದೇ, ಆದರೆ ಡಿಸ್‌ಲೊಕೇಶನ್‌ಗಳ ಗೆರೆಗಳು ಬರಲಿಲ್ಲ.

ಫಲ ಕೊಟ್ಟಿದ್ದು "ಬೇರೆ 220 ರಿಫ್ಲೆಕ್ಷನ್ ನೋಡಿ" ಅನ್ನುವ ಸಲಹೆ, ಅಂದರೆ ಅದೇ ಬಗೆಯ, ಆದರೆ ಬೇರೆ ದಿಕ್ಕಿಗಿರುವ ಪರಮಾಣು ಪದರಗಳಿಂದ ಪ್ರತಿಫಲಿಸುವ ಎಕ್ಸ್‌ರೇಯಲ್ಲಿ ಚಿತ್ರ ತೆಗೆಯುವುದು. ವೇಫರನ್ನು ಅದರ ಸಮತಲದಲ್ಲೇ 60 ಡಿಗ್ರಿ ತಿರುಗಿಸಿ ಮತ್ತೆ ಅಲೈನ್ ಮಾಡಿದೆ. ಗೆರೆಗಳು ಎದ್ದು ಕಂಡವು! ಕಾರಣ ಇದು: ಬರ್ಗರ್ಸ್ ವೆಕ್ಟರ್ (ಡಿಸ್‌ಲೊಕೇಶನ್‌ನಿಂದ ಪರಮಾಣುಗಳು ಯಾವ ದಿಕ್ಕಿಗೆ, ಎಷ್ಟು ಸರಿದಿವೆ ಅನ್ನುವುದು) ಪ್ರತಿಫಲಿಸುವ ಪದರಗಳಿಗೆ ಸಮಾನಾಂತರವಾಗಿದ್ದರೆ ಸ್ಕ್ರೂ ಡಿಸ್‌ಲೊಕೇಶನ್ (ಈ ಸರಿತ ಗೆರೆಯ ಉದ್ದಕ್ಕೇ ಇರುವಂಥದ್ದು) ಆ ಪದರಗಳನ್ನು ಬಾಗಿಸುವುದೇ ಇಲ್ಲ, ಕಾಂಟ್ರಾಸ್ಟ್ ಬರುವುದಿಲ್ಲ. ಎಡ್ಜ್ (ಸರಿತ ಗೆರೆಗೆ ಲಂಬವಾಗಿರುವಂಥದ್ದು) ಆದರೆ ಮಸುಕಾಗಿ ಉಳಿಯಬಹುದು.

ನನಗೆ ತುಂಬಾ ಇಷ್ಟವಾಗಿದ್ದು ಇದು: ಒಂದೇ ಗೆರೆ ಎರಡು ಬೇರೆ ರಿಫ್ಲೆಕ್ಷನ್‌ಗಳಲ್ಲಿ ಮಾಯವಾದರೆ, ಅದರ ಬರ್ಗರ್ಸ್ ವೆಕ್ಟರ್‌ನ ದಿಕ್ಕೇ ಗೊತ್ತಾಗುತ್ತದೆ. ಹಾಗಾಗಿ ಖಾಲಿ ಬಂದ ಫಿಲ್ಮ್ ಎಸೆಯಬೇಡಿ.