ಆಕ್ಯುಪೇಷನಲ್ ಥೆರಪಿ ಪಾಠ ಮಾಡಲು ವಾರದಲ್ಲಿ ಎರಡು ದಿನ ಹೋಗಬಹುದೇ?

ಪ್ರಶ್ನೆ: ಕೋಲಾರದ ಥೆರಪಿಸ್ಟ್

ನಾನು ಒಂಬತ್ತು ವರ್ಷಗಳಿಂದ ಕೋಲಾರದಲ್ಲಿ ಆಕ್ಯುಪೇಷನಲ್ ಥೆರಪಿಸ್ಟ್ ಆಗಿದ್ದೇನೆ; ಅಂದರೆ ಉಣ್ಣುವುದು, ಉಡುವುದು, ದುಡಿಯುವುದು ಮುಂತಾದ ದಿನನಿತ್ಯದ ಕೆಲಸಗಳನ್ನು ರೋಗಿಗಳು ಮತ್ತೆ ಮಾಡಿಕೊಳ್ಳುವಂತೆ ತರಬೇತಿ ಕೊಡುವುದು ನನ್ನ ಕೆಲಸ. ನನ್ನಲ್ಲಿಗೆ ಬರುವವರಲ್ಲಿ ಹೆಚ್ಚಿನವರು ಲಕ್ವ ಹೊಡೆದು ಒಂದು ಕೈಯ ಸ್ವಾಧೀನ ಕಳೆದುಕೊಂಡ ರೈತಾಪಿ ಜನ. ಬೆಂಗಳೂರಿನ ವಿಶ್ವವಿದ್ಯಾಲಯವೊಂದು ಬಿ.ಒ.ಟಿ. (ಆಕ್ಯುಪೇಷನಲ್ ಥೆರಪಿ ಪದವಿ) ವಿದ್ಯಾರ್ಥಿಗಳಿಗೆ ವಾರದಲ್ಲಿ ಎರಡು ದಿನ ಪಾಠ ಮಾಡಲು ನನ್ನನ್ನು ಕರೆದಿದೆ. ಹೋಗಿಬರಲು ಸುಮಾರು 140 ಕಿ.ಮೀ. ಆದರೂ ಪ್ರಯಾಣ ನನಗೆ ಹೊರೆಯಲ್ಲ. ಆದರೆ ಎರಡು ದಿನ ಬಾಗಿಲು ಹಾಕಿದರೆ ವಾರಕ್ಕೆ ಮೂರು ಸಲ ಬರಲೇಬೇಕಾದವರ ಗತಿಯೇನು? ಪುಸ್ತಕದಲ್ಲಿರುವುದನ್ನು ಪೂರ್ಣಾವಧಿ ಅಧ್ಯಾಪಕರೇ ಹೇಳಿಕೊಡುತ್ತಿರುವಾಗ ನಾನು ಹೋಗಿ ಹೇಳಬೇಕಾದದ್ದಾದರೂ ಏನು?

ಉತ್ತರ: ತುಮಕೂರಿನಿಂದ

ನಿಮ್ಮ ಎರಡನೆಯ ಪ್ರಶ್ನೆಗೆ ಮೊದಲು ಉತ್ತರಿಸುತ್ತೇನೆ, ಏಕೆಂದರೆ ಆರು ವರ್ಷ ಅರೆಕಾಲಿಕವಾಗಿ ಪಾಠ ಮಾಡಿದ ನನಗೆ ಮುಖ್ಯವೆನಿಸಿದ್ದು ಅದೇ. ರೋಗಿ ದಿನನಿತ್ಯದ ಕೆಲಸಗಳನ್ನು ಎಷ್ಟರಮಟ್ಟಿಗೆ ತಾನೇ ಮಾಡಿಕೊಳ್ಳಬಲ್ಲ ಎಂದು ಅಂಕಗಳಲ್ಲಿ ಅಳೆಯುವ, 1965ರಲ್ಲಿ ಪ್ರಕಟವಾದ ಬಾರ್ತೆಲ್ ಇಂಡೆಕ್ಸ್‌ನ ಹತ್ತು ಅಂಶಗಳನ್ನು ವಿದ್ಯಾರ್ಥಿಗಳು ಬಾಯಿಪಾಠ ಮಾಡಿರುತ್ತಾರೆ. ಊಟದ ಅಂಶದಲ್ಲಿ, ಈಗ ಬಳಕೆಯಲ್ಲಿರುವ ಆವೃತ್ತಿಯ ಪ್ರಕಾರ, ಕತ್ತರಿಸಲು, ಬೆಣ್ಣೆ ಸವರಲು ನೆರವು ಬೇಕಾದವರಿಗೆ 5 ಅಂಕ. ನಮ್ಮ ಮನೆಗಳಲ್ಲಿ ಬ್ರೆಡ್ಡಿಗೆ ಬೆಣ್ಣೆ ಸವರಿ ಊಟ ಮಾಡುವವರು ಯಾರು? ನಾನು ಒಂದು ದಿನ ತರಗತಿಗೇ ಬಿಸಿ ಮುದ್ದೆ ಒಯ್ದು, ಬಲಗೈಯನ್ನು ಬೆನ್ನ ಹಿಂದೆ ಕಟ್ಟಿಕೊಂಡು ಉಣ್ಣಲು ಹೇಳಿದೆ. ಹೆಬ್ಬೆರಳು ಮತ್ತೆರಡು ಬೆರಳು ಸೇರಿ ತುತ್ತು ಮುರಿಯಬೇಕು, ಬಿಸಿ ತಾಳಬೇಕು, ಅದನ್ನು ಉಂಡೆ ಮಾಡಿ ಸಾರಿನಲ್ಲಿ ಅದ್ದಬೇಕು, ಅಗಿಯದೆ ನುಂಗಬೇಕು. ಅಷ್ಟರಲ್ಲಿ ಹಿಡಿಯುವ ಇನ್ನೊಂದು ಕೈಯಿಲ್ಲದೆ ತಟ್ಟೆ ಜಾರಿಹೋಗುತ್ತದೆ. ನುಂಗುವ ತೊಂದರೆಯಿರುವ ಲಕ್ವ ರೋಗಿಗೆ ಅದೇ ತುತ್ತು ಎಷ್ಟು ಅಪಾಯವೆಂಬುದನ್ನು ಆಗ ಅವರಿಗೆ ವಿವರಿಸಬೇಕಾಗಲಿಲ್ಲ. ಎಡಗೈಯಲ್ಲಿ ಉಣ್ಣಲಾರೆನೆಂದು ಹಟ ಹಿಡಿದು ಸೊಸೆಯ ಕೈತುತ್ತಿಗೆ ಕಾಯುವ ಹಿರಿಯರ ಸಂಕಟವೂ ಅಲ್ಲಿಯೇ ಚರ್ಚೆಗೆ ಬಂತು. ಇದನ್ನು ಹೇಳಬಲ್ಲವರು ನಿನ್ನೆ ರೋಗಿಯ ಪಕ್ಕ ಕುಳಿತಿದ್ದವರು, ಅಂದರೆ ನೀವು.

ಉತ್ತರ: ಶಿಡ್ಲಘಟ್ಟದಿಂದ

ಮೇಲಿನ ಮಾತು ನಿಜ. ಆದರೆ ಕರಾರಿನ ವಿಷಯದಲ್ಲಿ ದಯವಿಟ್ಟು ಸಂಕೋಚ ಪಡಬೇಡಿ. ನಾನು ಪಾಠ ಮಾಡಿದ ಕಾಲೇಜಿನಲ್ಲಿ ತರಗತಿಯ ಗಂಟೆಗಳಿಗೆ ಮಾತ್ರ ಸಂಭಾವನೆ ಕೊಟ್ಟು, ಉತ್ತರಪತ್ರಿಕೆ, ಪ್ರಾಯೋಗಿಕ ಪರೀಕ್ಷೆ, ದಾಖಲೆ ಪುಸ್ತಕಗಳ ತಿದ್ದುಪಡಿಯನ್ನೆಲ್ಲ ಬಾಯಿಮಾತಿನಲ್ಲಿ ವಹಿಸಿದರು. ಒಂದು ಗಂಟೆಯ ಪಾಠಕ್ಕೆ ಮೂರು ಗಂಟೆ ಮನೆಯಲ್ಲಿ ಸವೆಸಿದ್ದೇನೆ. ಯಾವ ಕೆಲಸ ನಿಮ್ಮದು, ಯಾವುದು ಅಲ್ಲ ಎಂಬುದನ್ನು ಮೊದಲೇ ಬರಹದಲ್ಲಿ ಪಡೆಯಿರಿ.

ನಿಮ್ಮ ರೋಗಿಗಳ ವಿಚಾರಕ್ಕೆ ಬಂದರೆ, ಬಾಗಿಲು ಹಾಕುವ ಬದಲು ವಿದ್ಯಾರ್ಥಿಗಳನ್ನೇ ಕೋಲಾರಕ್ಕೆ ಕರೆಸಿಕೊಳ್ಳಲು ಸಾಧ್ಯವೇ ಎಂದು ಕೇಳಿ. ವಿಶ್ವ ಆಕ್ಯುಪೇಷನಲ್ ಥೆರಪಿಸ್ಟರ ಒಕ್ಕೂಟದ ಮಾನದಂಡದಂತೆ ಪ್ರತಿ ವಿದ್ಯಾರ್ಥಿಗೂ ಕನಿಷ್ಠ 1,000 ಗಂಟೆಗಳ ಕ್ಷೇತ್ರ ಅನುಭವ ಬೇಕು, ಅದಕ್ಕೆ ತಕ್ಕ ಮೇಲ್ವಿಚಾರಕರೂ ಬೇಕು. ನಮ್ಮೂರಿನಲ್ಲಿ ರೇಷ್ಮೆ ಗೂಡು ಬೇಯಿಸಿ ನೂಲು ತೆಗೆಯುವ ಮಹಿಳೆಯೊಬ್ಬರು, ಮಣಿಕಟ್ಟು ಮುರಿದು ವಾಸಿಯಾದ ಮೇಲೂ ಬಿಸಿನೀರಿನಿಂದ ಎಳೆಯ ತುದಿ ಹುಡುಕಲಾಗದೆ ಬಂದಿದ್ದರು. ಆ ಬೆರಳುಗಳ ಕೆಲಸವನ್ನು ನೂಲು ಬಿಚ್ಚಾಣಿಕೆಯ ಘಟಕದಲ್ಲೇ ನಿಂತು ನೋಡಿದ ಇಬ್ಬರು ಇಂಟರ್ನ್‌ಗಳು ಚಟುವಟಿಕೆಯ ವಿಶ್ಲೇಷಣೆಯನ್ನು ನನಗಿಂತ ಚೆನ್ನಾಗಿ ಬರೆದರು. ಸ್ಥಳೀಯರ ಒಪ್ಪಿಗೆ ಪಡೆಯುವುದು ಮಾತ್ರ ಮೊದಲ ಕೆಲಸ.

ಪ್ರಶ್ನಿಸಿದವರು

ಇಬ್ಬರಿಗೂ ಕೃತಜ್ಞತೆಗಳು. ವಾರಕ್ಕೆ ಒಂದೇ ದಿನ ತರಗತಿಗೆ ಬರುತ್ತೇನೆ, ಇನ್ನೊಂದು ದಿನ ನಾಲ್ಕು ವಿದ್ಯಾರ್ಥಿಗಳನ್ನು ನನ್ನ ಚಿಕಿತ್ಸಾಲಯಕ್ಕೆ ಕಳುಹಿಸಿ ಎಂದು ಈ ದಿನವೇ ಬರೆಯುತ್ತಿದ್ದೇನೆ. ತಿದ್ದುಪಡಿಯ ಗಂಟೆಗಳನ್ನೂ ಪತ್ರದಲ್ಲಿ ಸೇರಿಸಿದ್ದೇನೆ. ಒಪ್ಪದಿದ್ದರೆ ಸದ್ಯಕ್ಕೆ ಹೋಗುವುದಿಲ್ಲ. ಸೋಮವಾರ, ಬುಧವಾರ, ಶುಕ್ರವಾರ ಮುಳಬಾಗಿಲಿನಿಂದ ಬಸ್ಸು ಹತ್ತಿ ಬರುವವರಿಗೆ ಬೇರೆ ಥೆರಪಿಸ್ಟರನ್ನು ಹುಡುಕಿಕೊಳ್ಳಿ ಎಂದು ಹೇಳಲು ನನಗಾಗದು.