ಪದಚರ್ಚೆ: ಶ್ರೇಢಿ, ಶ್ರೇಣಿ, ಸರಣಿ – ಕಾಪ್ರೇಕರ್ ಸಾಲಿಗೆ ಯಾವುದು?

ಎಲ್ಲರಿಗೂ ನಮಸ್ಕಾರ.

1, 2, 4, 8, 16. ಮುಂದೇನು? ಕೇಳಿದವರೆಲ್ಲ 32 ಅಂತಾರೆ. ಆದರೆ ಈ ಸಾಲಿನಲ್ಲಿ ಬರುವುದು 23. ಇಲ್ಲಿ ದುಪ್ಪಟ್ಟು ಮಾಡುತ್ತಿಲ್ಲ, ಸಂಖ್ಯೆಗೆ ಅದರದೇ ಅಂಕಿಗಳನ್ನು ಕೂಡುತ್ತಿದ್ದೇವೆ. 16ಕ್ಕೆ 1 ಮತ್ತು 6 ಕೂಡಿದರೆ 23. ಅದಕ್ಕೆ 2 ಮತ್ತು 3 ಕೂಡಿದರೆ 28. ಆಮೇಲೆ 38, 49, 62, 70, 77, 91, 101, ಹೀಗೆ. ನಾಸಿಕದ ಪಕ್ಕದ ದೇವಳಾಲಿಯಲ್ಲಿ ಶಾಲಾ ಮೇಷ್ಟ್ರಾಗಿದ್ದ ಡಿ. ಆರ್. ಕಾಪ್ರೇಕರ್ ಅವರ ಆಟ ಇದು. ನಾಲ್ಕಂಕಿ ಸಂಖ್ಯೆಯ ಅಂಕಿಗಳನ್ನು (ಎಲ್ಲವೂ ಒಂದೇ ಆಗಿರಬಾರದು) ಇಳಿಕೆ, ಏರಿಕೆ ಕ್ರಮದಲ್ಲಿ ಬರೆದು ಕಳೆಯುತ್ತಾ ಹೋದರೆ ಕೊನೆಗೆ 6174 ಬರುತ್ತದಲ್ವಾ, ಅದನ್ನು ಕಂಡುಹಿಡಿದವರೂ ಅವರೇ.

ಮಕ್ಕಳಿಗೆ ಇದನ್ನು ಕನ್ನಡದಲ್ಲಿ ಬರೆಯುತ್ತಿದ್ದೇನೆ. ಇಂಥ ಸಾಲನ್ನು ಏನೆಂದು ಕರೆಯಲಿ?

ಹತ್ತನೇ ತರಗತಿಯಲ್ಲಿ ‘ಸಮಾಂತರ ಶ್ರೇಢಿ’ (ಪ್ರತಿ ಸಲ ಒಂದೇ ಸಂಖ್ಯೆ ಕೂಡುತ್ತಾ ಹೋಗುವ ಸಾಲು) ಓದಿದವರಿಗೆ ಶ್ರೇಢಿ ಗೊತ್ತು. ಪದವೂ ಹಳೆಯದು. 1150ರ ‘ಲೀಲಾವತಿ’ಯಲ್ಲಿ ಭಾಸ್ಕರಾಚಾರ್ಯರು ‘ಶ್ರೇಢೀ ವ್ಯವಹಾರ’ ಎಂಬ ಭಾಗವನ್ನೇ ಇಟ್ಟಿದ್ದಾರೆ. ಸಾಲಿನ ಮೊದಲ ಸಂಖ್ಯೆ ‘ಆದಿ’, ಪ್ರತಿ ಸಲ ಏರುವುದು ‘ಚಯ’, ಸಾಲಿನಲ್ಲಿ ಎಷ್ಟು ಸಂಖ್ಯೆ ಎಂಬುದು ‘ಗಚ್ಛ’. ನನ್ನ ಅನುಮಾನ ಚಯದ ಬಗ್ಗೆಯೇ. ಕಾಪ್ರೇಕರ್ ಸಾಲಿನಲ್ಲಿ ಒಮ್ಮೆ 7 ಏರುತ್ತದೆ, ಇನ್ನೊಮ್ಮೆ 5, ಮತ್ತೊಮ್ಮೆ 10. ಶ್ರೇಢಿ ಅಂದರೆ ಮಕ್ಕಳು ಮೊದಲು ಸಾಮಾನ್ಯ ವ್ಯತ್ಯಾಸ ಹುಡುಕಲು ಹೊರಡುತ್ತಾರೆ.

‘ಶ್ರೇಣಿ’ ನನಗೆ ಬೇಡ. ವೇತನ ಶ್ರೇಣಿ, ಪರ್ವತ ಶ್ರೇಣಿ ಅಂತ ಅದಕ್ಕೆ ಈಗಾಗಲೇ ಕೆಲಸ ಜಾಸ್ತಿ. ಮೇಲಾಗಿ ಒಂದೇ ಪಾಠದಲ್ಲಿ ಶ್ರೇಢಿ, ಶ್ರೇಣಿ ಎರಡೂ ಬಂದರೆ ಮಕ್ಕಳಿಗೂ ಗೊಂದಲ, ಕರಡು ತಿದ್ದುವವರಿಗೂ ಗೊಂದಲ. ‘ಸರಣಿ’ ಅಂದರೆ ಕ್ರಿಕೆಟ್ಟು. ಸುಮ್ನೆ ‘ಸಂಖ್ಯಾಸಾಲು’ ಅಂದರೆ ಸಾಕು ಅನ್ನಿಸುತ್ತದೆ. ಆದರೆ ನಿಯಮ ಇದ್ದರೂ ಇಲ್ಲದಿದ್ದರೂ ಅದು ಸಾಲೇ ಅಲ್ವಾ? ‘ನಿಯಮದ ಸಾಲು’ ಅಂದರೆ ಹೇಗೆ?

ಇನ್ನೊಂದು ಪದವೂ ಬೇಕು. 23 ಹುಟ್ಟಿದ್ದು 16ರಿಂದ. ಆದರೆ 20 ಯಾವುದರಿಂದಲೂ ಹುಟ್ಟುವುದಿಲ್ಲ. 14ರಿಂದ ಹೊರಟರೆ 19, 15ರಿಂದ 21, ನಡುವೆ 20 ತಪ್ಪಿಹೋಗುತ್ತದೆ. 31, 42, 53 ಕೂಡ ಹಾಗೆಯೇ. ಕಾಪ್ರೇಕರ್ ಇವುಗಳ ಬಗ್ಗೆ ಬರೆದದ್ದು 1949ರಲ್ಲಿ. ಇವಕ್ಕೆ ಅವರ ಊರಿನ ಮೇಲೆ ‘ದೇವಳಾಲಿ ಸಂಖ್ಯೆ’ ಎಂಬ ಹೆಸರೂ ಇದೆ. ನಾನು ‘ಉದ್ಭವ ಸಂಖ್ಯೆ’ ಎಂದು ಬರೆದಿಟ್ಟಿದ್ದೇನೆ. ಉದ್ಭವಲಿಂಗ ಗೊತ್ತಿರುವ ಯಾರಿಗೂ ಅರ್ಥ ಬಿಡಿಸಿ ಹೇಳಬೇಕಿಲ್ಲ.

ಹಾಗಾದರೆ 23ಕ್ಕೆ 16 ಏನಾಗಬೇಕು? ‘ತಾಯಿ ಸಂಖ್ಯೆ’ ಅನ್ನಲು ಹೊರಟೆ, 101 ಅಡ್ಡ ಬಂತು. 91ಕ್ಕೆ 9 ಮತ್ತು 1 ಕೂಡಿದರೂ 101, 100ಕ್ಕೆ 1 ಕೂಡಿದರೂ 101. ಇಬ್ಬರು ತಾಯಂದಿರು! ‘ಜನಕ’ ಅಂದರೂ ಇದೇ ಪೇಚು. ‘ಮೂಲ’ ಅನ್ನೋಣ ಅಂದರೆ ವರ್ಗಮೂಲ ಈಗಾಗಲೇ ಕೂತಿದೆ.

ಗಣಿತ ಕಲಿಸುವವರು ಯಾರಾದರೂ ತರಗತಿಯಲ್ಲಿ ಬಾಯಿಗೆ ಬರುವ ಪದ ಹೇಳಿದರೆ ಉಪಕಾರ. ನಿಘಂಟಿನ ಪದಕ್ಕಿಂತ ಅದೇ ಬೇಕು.