ಮೀನಿನ ವಿಕಿರಣ ಮನೆಯಲ್ಲೇ ಅಳೆಯಬಹುದಾ?

ಬೆಣ್ಣೆನಗರಿ:
ನಾವು ದಾವಣಗೆರೆಯವರು. ಇಲ್ಲಿಗೆ ಸಮುದ್ರದ ಮೀನು ಮಂಗಳೂರು, ಮಲ್ಪೆ ಕಡೆಯಿಂದ ಐಸ್‌ನಲ್ಲಿ ಬರುತ್ತದೆ. ಜಪಾನಿನ ಫುಕುಶಿಮಾ ಅಣುಸ್ಥಾವರದ ನೀರನ್ನು 2023ರ ಆಗಸ್ಟ್‌ನಿಂದ ಸಮುದ್ರಕ್ಕೆ ಬಿಡುತ್ತಿರುವ ವಿಡಿಯೋ ನೋಡಿದ ಮೇಲೆ ಅಮ್ಮ ಬಂಗುಡೆ ಮನೆಗೆ ತರಲೇಬೇಡ ಅನ್ನುತ್ತಿದ್ದಾರೆ. ಆನ್‌ಲೈನ್‌ನಲ್ಲಿ ಸಿಗುವ, ವಿಕಿರಣ ಅಳೆಯುವ ಗೈಗರ್ ಮೀಟರ್ ತಂದು ಮೀನಿನ ಹತ್ತಿರ ಹಿಡಿದರೆ ಗೊತ್ತಾಗುತ್ತಾ?

ದುರ್ಗದ ಮೇಷ್ಟ್ರು:
ಗೊತ್ತಾಗಲ್ಲ, ದುಡ್ಡು ಉಳಿಸಿಕೊಳ್ಳಿ. ಜಪಾನಿನಲ್ಲಿ ಮೀನಿಗೆ ಸೀಸಿಯಂ (ಅಣುಸ್ಥಾವರದಿಂದ ಬರುವ ವಿಕಿರಣಶೀಲ ವಸ್ತು) ಮಿತಿ ಕೆಜಿಗೆ 100 ಬೆಕ್ವೆರೆಲ್, ಅಂದರೆ ಒಂದು ಕೆಜಿಯಲ್ಲಿ ಸೆಕೆಂಡಿಗೆ 100 ಪರಮಾಣು ಕ್ಷಯಿಸುತ್ತವೆ. ಅದರಿಂದ ಹೊರಡುವ ಗಾಮಾ ಕಿರಣ ಎಲ್ಲಾ ದಿಕ್ಕಿಗೂ ಹೋಗುತ್ತದೆ, ಮೀಟರಿನ ಕೊಳವೆಗೆ ಹೊಕ್ಕಿದ್ದರಲ್ಲೂ ಹೆಚ್ಚಿನದು ಎಣಿಕೆಗೇ ಸಿಗದೆ ದಾಟಿಹೋಗುತ್ತದೆ. ನಮ್ಮ ಚಿತ್ರದುರ್ಗದ ಬಂಡೆಗಳಲ್ಲೇ ಸ್ವಲ್ಪ ಯುರೇನಿಯಂ, ಥೋರಿಯಂ ಇರುತ್ತವೆ. ಮೀನು ಇಲ್ಲದಿದ್ದರೂ ಮೀಟರ್ ಟಿಕ್ ಟಿಕ್ ಅನ್ನುತ್ತಲೇ ಇರುತ್ತದೆ.

ಇನ್ನೊಂದು ಮುಖ್ಯ ವಿಷಯ. ಯಾವ ಮೀನಿನಲ್ಲೂ ವಿಕಿರಣ ಸೂಸುವ ಪೊಟ್ಯಾಸಿಯಂ-40 ಇದ್ದೇ ಇರುತ್ತದೆ, ಕೆಜಿಗೆ ಸುಮಾರು 100 ಬೆಕ್ವೆರೆಲ್. ಅದು ಸಹಜ. ಮೀಟರಿಗೆ ಅದೂ ಸೀಸಿಯಮ್ಮೂ ಒಂದೇ.

ಲ್ಯಾಬ್‌ನಲ್ಲಿ ಮಾಂಸವನ್ನು ಮೂಳೆಯಿಂದ ಬಿಡಿಸಿ, ಸಣ್ಣಗೆ ಕೊಚ್ಚಿ, ತೂಗಿ ಡಬ್ಬಿಗೆ ತುಂಬುತ್ತಾರೆ. ದಪ್ಪ ಸೀಸದ ಗೂಡಿನೊಳಗೆ ತೀರಾ ತಣ್ಣಗಿಟ್ಟ ಜರ್ಮೇನಿಯಂ ಡಿಟೆಕ್ಟರ್ ಮೇಲೆ ಅದನ್ನು ಗಂಟೆಗಟ್ಟಲೆ ಇಡುತ್ತಾರೆ. ಸೀಸಿಯಂ-137 ಇದ್ದರೆ 662 ಕಿಲೋ ಎಲೆಕ್ಟ್ರಾನ್ ವೋಲ್ಟ್ (ಕಿರಣದ ಶಕ್ತಿಯ ಅಳತೆ) ಹತ್ತಿರ ಗೆರೆ ಏಳುತ್ತದೆ, ಪೊಟ್ಯಾಸಿಯಂ 1461ರಲ್ಲಿ. ಹೀಗೆ ಶಕ್ತಿ ನೋಡಿಯೇ ಯಾವುದು ಯಾವುದು ಅಂತ ಹೇಳಲು ಸಾಧ್ಯ.

ತುಂಗಾತೀರ:
ಮೇಷ್ಟ್ರೇ, ಅಷ್ಟರಿಂದ ಎಲ್ಲಾ ತಿಳಿಯಲ್ಲ ಅಲ್ವಾ? ಈಗ ಬಿಡುತ್ತಿರುವ ನೀರಿನಲ್ಲಿ ಮುಖ್ಯವಾಗಿ ಉಳಿದಿರುವುದು ಟ್ರಿಟಿಯಂ ಎಂಬ ವಿಕಿರಣಶೀಲ ಹೈಡ್ರೋಜನ್, ಅದರ ಬೀಟಾ ಕಿರಣ ಚರ್ಮವನ್ನೂ ದಾಟಲ್ಲ. ಮೂಳೆಯಲ್ಲಿ ಕೂರುವ ಸ್ಟ್ರಾನ್ಷಿಯಂ-90 ಕೂಡ ಗಾಮಾದಲ್ಲಿ ಕಾಣಲ್ಲ, ಅದನ್ನು ರಾಸಾಯನಿಕವಾಗಿ ಬೇರ್ಪಡಿಸಬೇಕು, ವಾರಗಟ್ಟಲೆ ಹಿಡಿಯುತ್ತದೆ. ಮತ್ತೆ, ಮೀನು ಎಲ್ಲಿ ಹಿಡಿದದ್ದು ಅಂತ ಹೇಳದೆ ಅಂಕಿ ಮಾತ್ರ ತೋರಿಸುವ ವಿಡಿಯೋ ನಂಬಬೇಡಿ. 2023ರ ಮೇ ತಿಂಗಳಲ್ಲಿ ಕೆಜಿಗೆ 18,000 ಬೆಕ್ವೆರೆಲ್ ಸೀಸಿಯಂ ಸಿಕ್ಕಿದ ಮೀನು ಆ ಸ್ಥಾವರದ ಬಂದರಿನ ಒಳಗೇ ಹಿಡಿದದ್ದು, ನೀರು ಬಿಡಲು ಶುರು ಮಾಡುವುದಕ್ಕೂ ಮೊದಲು.

ದುರ್ಗದ ಮೇಷ್ಟ್ರು:
ಸರಿಯಾಗಿ ಹೇಳಿದಿರಿ. ಅಮ್ಮನಿಗೆ ಈ ಲೆಕ್ಕ ಹೇಳಿ: ಕೆಜಿಗೆ 100 ಬೆಕ್ವೆರೆಲ್ ಸೀಸಿಯಂ ಇರುವ ಮೀನನ್ನು ವಾರಕ್ಕೊಂದು ಕೆಜಿಯಂತೆ ವರ್ಷವಿಡೀ ತಿಂದರೂ ಮೈಗೆ ತಗಲುವ ವಿಕಿರಣ ಸುಮಾರು 0.07 ಮಿಲಿಸೀವರ್ಟ್. ನೆಲ, ಗಾಳಿ, ಆಕಾಶ, ಆಹಾರದಿಂದ ಸಹಜವಾಗಿ ಮನುಷ್ಯನಿಗೆ ವರ್ಷಕ್ಕೆ ಸಿಗುವ ಜಾಗತಿಕ ಸರಾಸರಿಯೇ 2.4. ಮಲ್ಪೆಯ ಬಂಗುಡೆ ಅರಬ್ಬಿ ಸಮುದ್ರದ್ದು, ಫುಕುಶಿಮಾ ನೀರು ಪೆಸಿಫಿಕ್‌ನಲ್ಲಿ ಪೂರ್ವಕ್ಕೆ ಹರಿಯುತ್ತದೆ.

ಬೆಣ್ಣೆನಗರಿ:
ತುಂಬಾ ಥ್ಯಾಂಕ್ಸ್ ಸರ್, ಮೀಟರ್ ತರಲ್ಲ. ಒಣಮೀನಿನಲ್ಲಿ ಜಾಸ್ತಿ ಇರುತ್ತಾ?

ತುಂಗಾತೀರ:
ನೀರು ಆರಿ ತೂಕ ಇಳಿಯುವುದರಿಂದ ಕೆಜಿ ಲೆಕ್ಕದಲ್ಲಿ ಅಂಕಿ ಏರುತ್ತದೆ, ಹೊಸದಾಗಿ ಏನೂ ಸೇರಿರಲ್ಲ. ಅದಕ್ಕೇ ವರದಿಯಲ್ಲಿ ಹಸಿ ತೂಕವೋ ಒಣ ತೂಕವೋ ಅಂತ ಮೊದಲು ನೋಡಿ.